ಹೆಸರು, ಮೊದಲಕ್ಷರ, ಪ್ರಾರ್ಥನೆ

19 ಜುಲೈ 2023, ಬುಧವಾರ

ಅಣ್ಣನ ಎದೆಯ ಹೊಲಿಗೆ ಒಣಗಿದೆ. ಮಧ್ಯಾಹ್ನ ಮಾತ್ರೆ ಡಬ್ಬಿ ತುಂಬಿಸುತ್ತಾ ಅತ್ತಿಗೆ ಅಂದರು, “ಡಾಕ್ಟ್ರು ಅವರ ಕೈಲಾದ್ದು ಮಾಡಿದ್ರು. ಉಳಿಸಿದ್ದು ದೇವರೇ.” ಸಾಕ್ಷಿ ಏನು ಅತ್ತಿಗೆ ಅಂತ ಬಾಯಿ ತುದಿಗೆ ಬಂದಿತ್ತು. ಮಾತ್ರೆ ಎಣಿಸುವವರ ಲೆಕ್ಕ ತಪ್ಪಿಸಬಾರದು ಅಂತ ಸುಮ್ಮನಾದೆ.

ಸಂಜೆ, ಪ್ರಾರ್ಥನೆಯಿಂದ ರೋಗಿಗಳಿಗೆ ಉಪಯೋಗವಿದೆಯಾ ಅಂತ ಪರೀಕ್ಷಿಸಿದ 2006ರ ಆ ಹಳೆಯ ಅಧ್ಯಯನ ಮತ್ತೆ ತೆಗೆದೆ. ಅಮೆರಿಕದಲ್ಲಿ ವೈದ್ಯ ಹರ್ಬರ್ಟ್ ಬೆನ್ಸನ್ ಅವರ ತಂಡ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳನ್ನು ಮೂರು ಗುಂಪು ಮಾಡಿತ್ತು. ಪ್ರಾರ್ಥಿಸುವ ಅಪರಿಚಿತರಿಗೆ ಸಿಗುತ್ತಿದ್ದದ್ದು ರೋಗಿಯ ಹೆಸರು, ಮನೆತನದ ಹೆಸರಿನ ಮೊದಲಕ್ಷರ, ಅಷ್ಟೇ. 14 ದಿನ ಪ್ರಾರ್ಥನೆ. ತಮಗಾಗಿ ಯಾರಾದರೂ ಬೇಡುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಸಿಕ್ಕವರ ಪೈಕಿ ಶೇ. 52 ಮಂದಿಗೆ ತೊಡಕುಗಳಾದವು, ಸಿಗದವರಲ್ಲಿ ಶೇ. 51. ‘ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ತಿಳಿದಿದ್ದವರಲ್ಲಿ ಶೇ. 59! (ಅಷ್ಟು ಕೆಟ್ಟಿದೆಯಾ ನನ್ನ ಸ್ಥಿತಿ ಅಂತ ಹೆದರಿದರೋ ಏನೋ.)

ಮೊದಲ ಸಲ ಓದಿದಾಗ ಕೇಸು ಮುಗಿಯಿತು ಅಂತ ಹಿಗ್ಗಿದ್ದೆ. ಇವತ್ತು ಹಿಗ್ಗಲು ಆಗಲಿಲ್ಲ. ‘ಪ್ರಾರ್ಥನೆ ಸಿಗದ’ ಗುಂಪಿನವರಿಗೂ ಮನೆಯಲ್ಲಿ ಒಬ್ಬ ಅತ್ತಿಗೆ ಇದ್ದಿರಬೇಕಲ್ಲ? ಅವರ ಬಾಯಿ ಕಟ್ಟುವುದು ಯಾವ ಸಂಶೋಧಕನ ಕೈಲೂ ಆಗದು. ಅಳೆದದ್ದು ಅಪರಿಚಿತರ ಹೆಚ್ಚುವರಿ ಪ್ರಾರ್ಥನೆಯನ್ನು ಮಾತ್ರ. ದೇವರು ಅಳತೆಗೆ ಸಿಕ್ಕಿದ್ದ ಅನ್ನುವುದು ನನ್ನ ಆತುರ.

ಹಾಗಂತ ಅತ್ತಿಗೆಗೂ ಪೂರ್ತಿ ಬಿಟ್ಟುಕೊಡಲಾರೆ. ‘ದೇವರಿದ್ದಾನೆ’ ಅಂತಷ್ಟೇ ಅಂದಿದ್ದರೆ ನಾನು ಯಾವ ಅಳತೆಗೋಲು ಹಿಡಿಯಲಿ? ಆದರೆ ‘ಉಳಿಸಿದ’ ಅಂದರಲ್ಲ, ಅದು ಈ ಲೋಕದಲ್ಲಿ ನಡೆದ ಕೆಲಸ. ಅದಕ್ಕೆ ಸಾಕ್ಷಿ ಕೇಳಬಹುದು. ಗ್ರಹಗಳ ವಿಷಯದಲ್ಲಿ ಹಾಗೇ ಕೇಳಿದ್ದರು. 1846ರಲ್ಲಿ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ಲೆಕ್ಕ ಹಾಕಿ ತೋರಿಸಿದ ಕಡೆಯೇ ನೆಪ್ಚೂನ್ ಸಿಕ್ಕಿತು. ಅದೇ ಧೈರ್ಯದಲ್ಲಿ 1859ರಲ್ಲಿ, ಬುಧನ ಕಕ್ಷೆ ಲೆಕ್ಕಕ್ಕಿಂತ ತುಸು ಹೆಚ್ಚು ಸರಿಯಲು ಸೂರ್ಯನ ಹತ್ತಿರ ಕಾಣದ ಗ್ರಹವೋ ಗ್ರಹಗಳೋ ಇರಬೇಕು ಅಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಗ್ರಹ ಮಾತ್ರ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಲೆಕ್ಕ ಬೇರೆಯೇ ಕಾರಣ ಕೊಟ್ಟಿತು, ವಲ್ಕನ್ ಕೈಬಿಟ್ಟುಹೋಯಿತು. ತಪ್ಪೆಂದು ತೋರಿ ಸೋಲುವ ದಾರಿ ಆ ಊಹೆಗಿತ್ತು. ಅತ್ತಿಗೆಯ ಮಾತಿಗೆ ಆ ದಾರಿ ಇದೆಯಾ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ಅಣ್ಣ ಉಳಿಯದೇ ಹೋಗಿದ್ದರೆ?

ಅದನ್ನು ಹೇಗೆ ಕೇಳಲಿ. ಒಂಬತ್ತಾಯಿತು, ಅತ್ತಿಗೆ ಬಿಸಿನೀರು ತರಲು ಕೂಗುತ್ತಿದ್ದಾರೆ.