ಗೋಡೌನಿನಲ್ಲಿ ತಾರೀಖು ಓದಲು ಕಲಿತದ್ದು

ಬಿಸ್ಕೆಟ್, ಚಿಪ್ಸ್, ಖಾರ ಮಾರುವ ಒಂದು ಕಂಪನಿಯ ಡಿಪೋದಲ್ಲಿ ನಾನು ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ನೆಲಮಂಗಲದ ಹತ್ತಿರ. ತುಮಕೂರು ರಸ್ತೆಯಿಂದ ಹಾಸನ ರಸ್ತೆ ಒಡೆಯುವುದು ಅಲ್ಲೇ. ಅದಕ್ಕೇ ದಾಬಸ್‌ಪೇಟೆ ತನಕ ಗೋಡೌನುಗಳೇ ಗೋಡೌನುಗಳು. ಮಾಲನ್ನು ಫ್ಯಾಕ್ಟರಿಯಿಂದ ಅಂಗಡಿ ತನಕ ಮುಟ್ಟಿಸುವ ಸಪ್ಲೈ ಚೈನ್ ಕೆಲಸ ಅಂದರೆ ಎಕ್ಸೆಲ್ಲು, ಮೀಟಿಂಗು ಅಂದುಕೊಂಡು ಹೋದವರಿಗೆ ಅಲ್ಲಿ ಕೊಡುವ ಮೊದಲ ಕೆಲಸ, ಪೆಟ್ಟಿಗೆಗಳ ಮೇಲಿನ ತಾರೀಖು ಬರೆದುಕೊಳ್ಳುವುದು.

"ಎಷ್ಟಿದೆ ಅಂತ ಕಂಪ್ಯೂಟರ್ ಹೇಳುತ್ತೆ. ಎಷ್ಟು ಹಳೇದು ಅಂತ ನೀನು ನೋಡ್ಕೊಂಡು ಬಾರಪ್ಪ" ಎಂದರು ಸೂಪರ್‌ವೈಸರ್.

ಕಂಪ್ಯೂಟರಿನಲ್ಲೂ ತಾರೀಖು ಇರುತ್ತದೆ, ಇಲ್ಲ ಅಂತಲ್ಲ. ಆದರೆ ಬಿಲ್ ಒಂದು ಬ್ಯಾಚಿಗೆ ಆಗಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಇನ್ನೊಂದು ಬ್ಯಾಚ್ ಲಾರಿ ಹತ್ತಿಬಿಟ್ಟರೆ? ಒಟ್ಟು ಲೆಕ್ಕ ಸರಿಯಾಗೇ ಇರುತ್ತದೆ. ಹಳೇ ಮಾಲು ಮಾತ್ರ ಗೋಡೆ ಪಕ್ಕ ಉಳಿದುಹೋಗುತ್ತದೆ.

ಮೊದಲು ಬಂದದ್ದು ಮೊದಲು ಹೋಗಬೇಕು ಅಂತ ಕಾಲೇಜಿನಲ್ಲಿ ಓದಿದ್ದೆ. ತಿನ್ನುವ ಮಾಲಿಗೆ ಆ ನಿಯಮ ಸಾಲದು. ಇನ್ನೊಂದು ಡಿಪೋದಲ್ಲಿ ಖರ್ಚಾಗದ ಮಾಲನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಅದು ಇವತ್ತು ಬಂದಿರುತ್ತದೆ, ಆದರೆ ನಮ್ಮಲ್ಲಿ ಹೋದ ವಾರ ಬಂದ ಮಾಲಿಗಿಂತ ಹಳೇದು. ಹಾಗಾಗಿ ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೋಗಬೇಕು. ಡಿಪೋದಲ್ಲಿ ಇದನ್ನು ಫೆಫೋ (ಫಸ್ಟ್ ಎಕ್ಸ್‌ಪೈರ್ಡ್, ಫಸ್ಟ್ ಔಟ್) ಅನ್ನುತ್ತಾರೆ. ಹೇಳೋಕೆ ಸುಲಭ. ಸಾಲಿನ ಹಿಂದೆ ಸೇರಿಕೊಂಡ ಪೆಟ್ಟಿಗೆಗಳನ್ನು ಹೊರಗೆ ತೆಗೆಯಬೇಕಾದರೆ ಮುಂದಿನದೆಲ್ಲ ಇಳಿಸಿ ಮತ್ತೆ ಜೋಡಿಸಬೇಕು. ಆ ಕೆಲಸ ಹಮಾಲಿಗಳದ್ದು, ಅವರಿಗೆ ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ. ಒಳಗೊಳಗೇ ಎತ್ತಿಟ್ಟ ಪೆಟ್ಟಿಗೆಗೆ ಯಾರು ಕಾಸು ಕೊಡುತ್ತಾರೆ? ಫೆಫೋ ತಪ್ಪುವುದು ಬಹಳ ಸಲ ಇಲ್ಲೇ. ಟ್ರೇನಿಂಗ್ ಪುಸ್ತಕದಲ್ಲಿ ಈ ವಿಷಯ ಬರುವುದಿಲ್ಲ.

ಈಗ ಒಂದು ಲೆಕ್ಕ. ಬಿಸ್ಕೆಟಿನ ಆಯಸ್ಸು 6 ತಿಂಗಳು, ಅಂದರೆ 180 ದಿನ ಅಂತ ಇಟ್ಟುಕೊಳ್ಳಿ. ದೊಡ್ಡ ಸೂಪರ್ ಮಾರ್ಕೆಟ್‌ನವರು ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಆಯಸ್ಸು ಉಳಿದಿರಬೇಕು ಅನ್ನುತ್ತಾರೆ. 120 ದಿನ ಅವರಿಗೇ ಹೋಯಿತು. ಉಳಿದ 60 ದಿನದಲ್ಲಿ ಫ್ಯಾಕ್ಟರಿಯ ಪರೀಕ್ಷೆ, ಲಾರಿ ಪ್ರಯಾಣ, ಡಿಪೋದಲ್ಲಿ ಕಾಯುವುದು, ಅವರ ಗೇಟಿನಲ್ಲಿ ಅಪಾಯಿಂಟ್‌ಮೆಂಟಿಗೆ ನಿಲ್ಲುವುದು, ಎಲ್ಲ ಮುಗಿಯಬೇಕು. 61ನೇ ದಿನ ಅದೇ ಬಿಸ್ಕೆಟ್ ಅವರಿಗೆ ಬೇಡ. ರುಚಿ ಕೆಟ್ಟಿಲ್ಲ, ಕಾನೂನಿನ ಅಡ್ಡಿಯೂ ಇಲ್ಲ, ಆದರೂ ಲಾರಿ ಹಾಗೇ ವಾಪಸ್. ಮೂರು ತಿಂಗಳ ಆಯಸ್ಸಿನ ಚಿಪ್ಸ್ ಆದರೆ ಇದೇ ಲೆಕ್ಕ ಹಾಕಿ ನೋಡಿ, 30 ದಿನ ಅಷ್ಟೇ. ಅದೇ ಸೋಪಿನ ಡಿಪೋದಲ್ಲಿದ್ದ ಗೆಳೆಯನಿಗೆ ಈ ತಲೆಬಿಸಿಯೇ ಇರಲಿಲ್ಲ. ಅವನ ಮಾಲು ವರ್ಷಗಟ್ಟಲೆ ಬಾಳುತ್ತದೆ. ಅವನ ಜಗಳವೆಲ್ಲ ತೂಕದ್ದು. ಸೋಪು ಅರ್ಧ ಲಾರಿ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟುತ್ತದೆ. ನಮ್ಮ ಚಿಪ್ಸ್ ಲಾರಿ ತುಂಬಾ ತುಂಬಿದರೂ ತೂಕವೇ ಇಲ್ಲ, ಗಾಳಿ ಸಾಗಿಸುವುದಕ್ಕೆ ಬಾಡಿಗೆ.

ಆನ್‌ಲೈನ್ ಮಾರಾಟ ಬಂದ ಮೇಲೆ ತಾರೀಖಿನ ಕಟ್ಟುನಿಟ್ಟು ಜಾಸ್ತಿಯೇ ಆಗಿದೆ. ಗ್ರಾಹಕರ ಕೈ ಸೇರುವಾಗ ಶೇ. 30 ಆಯಸ್ಸು, ಇಲ್ಲವೇ ಅವಧಿ ಮುಗಿಯಲು 45 ದಿನವಾದರೂ ಉಳಿದಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಹೇಳಿತು.

ಸರಿ, ಮಾಲು ಹಳೇದಾಗುವುದು ಯಾಕೆ? ಜನ ಕೊಳ್ಳಲಿಲ್ಲ ಅಂತ ಸುಮ್ನೆ ಹೇಳಿಬಿಡಬಹುದು. ನಾನು ಕಂಡ ಮಟ್ಟಿಗೆ ದೊಡ್ಡ ಕಾರಣ ತಿಂಗಳ ಕೊನೆ. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾರುವುದು ಪ್ರೈಮರಿ, ಡಿಸ್ಟ್ರಿಬ್ಯೂಟರ್ ಅಂಗಡಿಗೆ ಮಾರುವುದು ಸೆಕೆಂಡರಿ. ಟಾರ್ಗೆಟ್ ಬಿಗಿಯಾದಾಗ ಸೇಲ್ಸ್‌ನವರು ಪ್ರೈಮರಿ ತಳ್ಳುತ್ತಾರೆ. ಮೊದಲ ವಾರ ಡಿಪೋ ಬಿಕೋ ಅನ್ನುತ್ತಿರುತ್ತದೆ. ಕೊನೆಯ ವಾರ ರಾತ್ರಿ ಹನ್ನೊಂದಾದರೂ ಬಿಲ್ಲಿಂಗ್ ಮುಗಿಯುವುದಿಲ್ಲ, ಲಾರಿ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಏರಿರುತ್ತದೆ. ಆ ಮಾಲು ಅಂಗಡಿಗೆ ಹೋಗಿರುವುದಿಲ್ಲ, ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಕೂತಿರುತ್ತದೆ. ನಮ್ಮ ರಿಪೋರ್ಟಿನಲ್ಲಿ ಮಾರಾಟವಾಗಿದೆ! ಅದನ್ನೇ ಬೇಡಿಕೆ ಎಂದು ನಂಬಿ ಫ್ಯಾಕ್ಟರಿ ಇನ್ನಷ್ಟು ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಅದೇ ಪೆಟ್ಟಿಗೆಗಳು ಅವಧಿ ಮುಗಿದ ಮಾಲು, ದುಡ್ಡು ವಾಪಸ್ ಕೊಡಿ ಎಂಬ ಕ್ಲೇಮಾಗಿ ತಿರುಗಿ ಬರುತ್ತವೆ. ಆಗ ಅದು ಸೇಲ್ಸ್‌ನವರ ಲೆಕ್ಕವಲ್ಲ, ಸಪ್ಲೈ ಚೈನ್‌ನವರ ನಷ್ಟ. ಇದು ಅನ್ಯಾಯ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕೆಲವೊಮ್ಮೆ ಯಾರ ತಪ್ಪೂ ಇರುವುದಿಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಇಳಿಕೆ ಘೋಷಣೆಯಾಯಿತು. ಬಿಸ್ಕೆಟಿನ ತೆರಿಗೆ ಶೇ. 18ರಿಂದ 5ಕ್ಕೆ, ಆದರೆ ಜಾರಿ 22ರಿಂದ. ನಡುವಿನ ಆ ದಿನಗಳಲ್ಲಿ ಹೆಚ್ಚು ತೆರಿಗೆ ಕಟ್ಟಿ ಯಾರು ಮಾಲು ಎತ್ತುತ್ತಾರೆ? ವ್ಯಾಪಾರಿಗಳು ಆರ್ಡರ್ ತಡೆಹಿಡಿದರು. ಹಳೇ ಪ್ಯಾಕೆಟ್ ಮೇಲೆ ಹೊಸ ಬೆಲೆಯ ಸ್ಟಿಕ್ಕರ್ ಹಾಕಲು ಸರ್ಕಾರವೇನೋ ಅವಕಾಶ ಕೊಟ್ಟಿತು. ಆದರೆ ಬೆಲೆಗೆ ಸ್ಟಿಕ್ಕರ್ ಹಾಕಬಹುದು, ಕಳೆದ ದಿನಗಳಿಗೆ ಹಾಕಲಾಗುತ್ತದಾ?

ಈಗ ನಾನು ಪ್ಲಾನಿಂಗ್ ಕೆಲಸದಲ್ಲಿದ್ದೇನೆ, ಬೇರೆ ಕಂಪನಿಯಲ್ಲಿ. ಅಪ್ರೆಂಟಿಸ್ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಇಲ್ಲ. ಸೇರುವ ಮುಂಚೆ ಇದು ಗೊತ್ತಿರಲಿ, ಒಪ್ಪಂದದ ಕಾಗದ ಪೂರ್ತಿ ಓದಿ ಸಹಿ ಹಾಕಿ. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಇರುವ ಕೇಂದ್ರದ ನ್ಯಾಟ್ಸ್ ಅಪ್ರೆಂಟಿಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಸರ್ಕಾರ ಕೊಡುತ್ತದೆ, ಹಾಗಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಮೊದಲೇ ಮಾಡಿಸಿಕೊಳ್ಳಿ. ನಿಮ್ಮನ್ನು ಯಾವ ಕೆಲಸಕ್ಕೆ ಹಾಕಲಿ ಅಂತ ಕಂಪನಿಯವರು ಕೇಳಿದರೆ ಡಿಪೋ ಅನ್ನಿ, ಅದರಲ್ಲೂ ವಾಪಸ್ ಬಂದ ಮಾಲು ಎಣಿಸುವ ಮೂಲೆ. ಧೂಳು ಜಾಸ್ತಿ, ಯಾರೂ ಆ ಕಡೆ ಬರುವುದಿಲ್ಲ. ಯಾವ ಊರಿಗೆ ಯಾವ ತಿಂಗಳು ಎಷ್ಟು ಜಾಸ್ತಿ ತಳ್ಳಿದ್ದರು ಅನ್ನುವುದು ಆ ಪೆಟ್ಟಿಗೆಗಳ ಬ್ಯಾಚ್ ನಂಬರಿನಲ್ಲೇ ಸಿಗುತ್ತದೆ.