ಮಾಜಿ ಸೈನಿಕರಿಗೆ ಗೇಟಿನ ಹೊರಗಷ್ಟೇ ಆದ್ಯತೆ ಯಾಕೆ?

"ಮಾಜಿ ಸೈನಿಕರಿಗೆ ಆದ್ಯತೆ" ಎಂಬ ಸಾಲನ್ನು ಕೆಲಸದ ಜಾಹೀರಾತುಗಳಲ್ಲಿ ನೀವೂ ಓದಿರುತ್ತೀರಿ. ಮುಂದಿನ ಸಲ ಕಂಡಾಗ ಯಾವ ಕೆಲಸಕ್ಕೆ ಅಂತ ಸ್ವಲ್ಪ ಮೇಲೆ ನೋಡಿ. ಸೆಕ್ಯುರಿಟಿ ಗಾರ್ಡ್, ಸೂಪರ್‌ವೈಸರ್, ಇಲ್ಲವೇ ಡ್ರೈವರ್. ಹೆಚ್ಚಿನ ಕಡೆ ಅಷ್ಟೇ. ಹದಿನೈದು ಇಪ್ಪತ್ತು ವರ್ಷ ಸೈನ್ಯದಲ್ಲಿ ದುಡಿದು ಬಂದವರಿಗೆ ನಮ್ಮ ಖಾಸಗಿ ಕಂಪನಿಗಳು ಮೊದಲು ತೋರಿಸುವ ಜಾಗ ಗೇಟು. ನನಗೆ ಇದು ಸರಿ ಕಾಣುವುದಿಲ್ಲ.

ಗಾರ್ಡ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಅದನ್ನೇ ಮಾಡುವವರೂ ಇದ್ದಾರೆ. ಬೇರೆ ಬಾಗಿಲೇ ತೆರೆಯದಿದ್ದಾಗ ಅದು ಆಯ್ಕೆಯಾಗಿ ಉಳಿಯುವುದಿಲ್ಲ, ಅಲ್ವಾ?

ಕಾನೂನೂ ಹಾಗೇ ಇದೆ ನೋಡಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. ಸಾರ್ವಜನಿಕ ಉದ್ಯಮಗಳ ಗ್ರೂಪ್ ಸಿಯಲ್ಲಿ ಅದು ಶೇ. 14.5. ಖಾಸಗಿ ಕಂಪನಿಗಳಿಗೆ ಇಂಥ ಯಾವ ಕಡ್ಡಾಯವೂ ಇಲ್ಲ. ಖಾಸಗಿ ವಲಯದಲ್ಲಿ ಸೈನಿಕರ ಹೆಸರು ಹೇಳಿ ಆದ್ಯತೆಯ ಮಾತು ಬರುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಲ್ಲಿ. ಗಾರ್ಡ್‌ಗಳನ್ನು ತೆಗೆದುಕೊಳ್ಳುವಾಗ ಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್, ಗೃಹರಕ್ಷಕ ದಳದಿಂದ ಬಂದವರಿಗೆ ಏಜೆನ್ಸಿ ಆದ್ಯತೆ ಕೊಡಬಹುದು ಎನ್ನುತ್ತದೆ ಅದು. ಕೇಂದ್ರದ ಮಾದರಿ ನಿಯಮಗಳಲ್ಲಿ ಬೇರೆಯವರಿಗೆ 100 ಗಂಟೆ ಪಾಠ, 60 ಗಂಟೆ ಫೀಲ್ಡ್ ತರಬೇತಿ ಇದ್ದರೆ ಮಾಜಿ ಸೈನಿಕರಿಗೆ 40 ಮತ್ತು 16 ಗಂಟೆ ಸಾಕು. ಅಂದರೆ ಗೇಟಿನ ದಾರಿ ಸಲೀಸಾಗಿದೆ, ಒಳಗಿನ ದಾರಿಯನ್ನು ಯಾರೂ ಮಾಡಿಕೊಟ್ಟಿಲ್ಲ.

ನಮ್ಮ ಭಾವನ ವಿಷಯ ಹೇಳುತ್ತೇನೆ. ಹಾಸನ ಕಡೆಯವರು, ಸೈನ್ಯದ ಗಾಡಿ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ದಳದಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಲೇಹ್ ಕಡೆ ಇದ್ದಾಗ ಚಳಿಗೆ ಡೀಸೆಲ್ ಗಟ್ಟಿಯಾಗಿಬಿಡುತ್ತದೆ ಅಂತ ರಾತ್ರಿ ಎದ್ದೆದ್ದು ಎಂಜಿನ್ ಓಡಿಸಿ, ಬೆಳಿಗ್ಗೆ ಕಾನ್ವಾಯ್ ಹೊರಡುವಷ್ಟರಲ್ಲಿ ಅಷ್ಟೂ ಗಾಡಿ ಸ್ಟಾರ್ಟ್ ಆಗುವ ಹಾಗೆ ನೋಡಿಕೊಂಡವರು. ಯಾವ ಗಾಡಿಗೆ ಯಾವಾಗ ಆಯಿಲ್ ಬದಲಾಯಿಸಿದ್ದು, ಯಾವ ಪಾರ್ಟ್ ಸ್ಟೋರಿನಿಂದ ಬಂದದ್ದು, ಯಾರು ಸಹಿ ಹಾಕಿದ್ದು, ಎಲ್ಲಾ ಲಾಗ್ ಬುಕ್ಕಿನಲ್ಲಿ ಇರಬೇಕು. ಅವರು ರಿಪೇರಿ ಮಾಡುತ್ತಿದ್ದ ಸ್ಟ್ಯಾಲಿಯನ್ ಟ್ರಕ್ಕು ಅಶೋಕ್ ಲೇಲ್ಯಾಂಡ್‌ದು. ಇಲ್ಲಿ ತುಮಕೂರು ರೋಡಿನಲ್ಲಿ ಓಡುವ ಎಷ್ಟೋ ಲಾರಿಗಳೂ ಅದೇ ಕಂಪನಿಯವು.

ಇಂಥವರು ಒಂದು ಸಾಗಣೆ ಕಂಪನಿಗೆ ವಾಹನ ನಿರ್ವಹಣೆಯ ಕೆಲಸಕ್ಕೆ ಅರ್ಜಿ ಹಾಕಲು ಕೂತರು. ಪಕ್ಕದಲ್ಲಿ ನಾನೇ ಇದ್ದೆ. ಆನ್‌ಲೈನ್ ಫಾರ್ಮಿನಲ್ಲಿ "ಪದವಿ" ಎಂಬ ಕಾಲಂ ತುಂಬದೆ ಮುಂದಿನ ಪುಟಕ್ಕೆ ಹೋಗುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮುಗಿಸಿದ ಸೈನಿಕನನ್ನು ಪದವಿ ಕೇಳುವ ಗ್ರೂಪ್ ಸಿ ಸರ್ಕಾರಿ ಹುದ್ದೆಗಳಿಗೆ ಅರ್ಹ ಎಂದು ಪರಿಗಣಿಸಬಹುದು, ಅದಕ್ಕೆ ಸೈನ್ಯವೇ ಸರ್ಟಿಫಿಕೇಟ್ ಕೊಡುತ್ತದೆ. ಭಾವನ ಫೈಲಿನಲ್ಲಿ ಆ ಕಾಗದ ಇತ್ತು. ಫಾರ್ಮಿನ ಆ ಕಾಲಂ ಕೊಟ್ಟ ಆಯ್ಕೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬಿಎ, ಬಿಕಾಂ, ಬಿಎಸ್ಸಿ, ಡಿಪ್ಲೊಮಾ, ಮುಗೀತು. ಕೊನೆಗೆ ಫೋನ್ ಮಾಡಿ ಕೇಳಿದಾಗ ಅಲ್ಲಿನವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು: "ಸರ್, ಸೆಕ್ಯುರಿಟಿಯಲ್ಲಿ ಬೇಕಾದರೆ ನಾಳೆಯೇ ಸೇರಿಕೊಳ್ಳಿ. ನಿಮಗೆ ಪೆನ್ಷನ್ ಬೇರೆ ಬರುತ್ತಲ್ಲ, ಸಂಬಳ ಸ್ವಲ್ಪ ಕಮ್ಮಿಯಾದರೂ ನಡೆಯುತ್ತೆ."

ಈ ಪೆನ್ಷನ್ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಪೆನ್ಷನ್ ಅವರು ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಬರುವ ದುಡ್ಡು. ಈಗ ಮಾಡುವ ಕೆಲಸಕ್ಕೆ ಕಮ್ಮಿ ಕೊಡಲು ಅದು ಹೇಗೆ ಕಾರಣವಾಗುತ್ತದೆ? ಬಾಡಿಗೆ ಮನೆಯ ಆದಾಯ ಇರುವ ಮ್ಯಾನೇಜರ್‌ಗೆ ಯಾರಾದರೂ ಹೀಗೆ ಹೇಳುತ್ತಾರಾ? ಸಿಪಾಯಿಯಾಗಿ ಸೇರಿದವರು ಮೂವತ್ತೈದು ನಲವತ್ತರ ಹೊತ್ತಿಗೆ ಹೊರಬರುತ್ತಾರೆ. ಮಕ್ಕಳು ಹೈಸ್ಕೂಲಿನಲ್ಲಿ, ಮನೆ ಸಾಲ ಅರ್ಧದಲ್ಲಿ. ಖರ್ಚು ಜಾಸ್ತಿಯಾಗುವ ವಯಸ್ಸೇ ಅದು.

ಇನ್ನು ಅಗ್ನಿವೀರರ ವಿಷಯಕ್ಕೆ ಬಂದರೆ ಆ ಪೆನ್ಷನ್ನೂ ಇಲ್ಲ. ಅವರನ್ನು ಸೈನ್ಯಕ್ಕೆ ತೆಗೆದುಕೊಳ್ಳುವ, 2022ರಲ್ಲಿ ಶುರುವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆ, ಆಮೇಲೆ ಶೇ. 25ರವರೆಗೆ ಮಾತ್ರ ಕಾಯಂ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ತೆಗೆದುಕೊಂಡು ಮನೆಗೆ. ಯೋಜನೆ ಘೋಷಣೆಯಾದ ಆ ಜೂನ್ ತಿಂಗಳಲ್ಲಿ ಆನಂದ್ ಮಹೀಂದ್ರ ಸೇರಿದಂತೆ ಕೆಲವು ದೊಡ್ಡ ಉದ್ಯಮಿಗಳು ಅಗ್ನಿವೀರರಿಗೆ ಕೆಲಸ ಕೊಡುವ ಮಾತಾಡಿದ್ದರು. ಆ ಮಾತನ್ನು ಎಲ್ಲಾ ಕಂಪನಿಗಳೂ ನೆನಪಿಟ್ಟುಕೊಳ್ಳಬೇಕು. ಇಪ್ಪತ್ತೈದರ ಆಸುಪಾಸಿನ ಹುಡುಗನನ್ನು ಸೈನ್ಯದಿಂದ ನೇರ ಅಪಾರ್ಟ್‌ಮೆಂಟ್ ಗೇಟಿಗೆ ತಂದು ನಿಲ್ಲಿಸಿದರೆ ಮುಂದಿನ ಮೂವತ್ತೈದು ವರ್ಷ ಅವನು ಎಲ್ಲಿಗೆ ಬೆಳೆಯಬೇಕು?

ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ದೇಶಸೇವೆ ಮಾಡಿದ್ದಾರೆ ಪಾಪ ಅಂತ ಕೊಟ್ಟ ಕೆಲಸದಲ್ಲಿ ಗೌರವ ಉಳಿಯುವುದಿಲ್ಲ, ಮೊದಲ ಕಷ್ಟ ಬಂದಾಗ ಅವರನ್ನೇ ತೆಗೆಯುತ್ತಾರೆ. ನನಗೆ ಬೇಕಿರುವ ಆದ್ಯತೆ ಚಿಕ್ಕದು: ಅವರು ಸೈನ್ಯದಲ್ಲಿ ಮಾಡಿದ ಟ್ರೇಡ್, ಅಂದರೆ ಕಲಿತು ಮಾಡಿದ ಕಸುಬು, ಯಾವುದು ಅಂತ ಓದಿ, ಅದಕ್ಕೆ ಹೊಂದುವ ಕೆಲಸಕ್ಕೆ ಇಂಟರ್ವ್ಯೂಗೆ ಕರೆಯಿರಿ. ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್‌ನಲ್ಲಿ ಇದ್ದವರಿಗೆ ನೆಟ್‌ವರ್ಕ್ ಗೊತ್ತು. ಸೈನ್ಯದ ಸರಬರಾಜು ದಳವಾದ ಎಎಸ್‌ಸಿಯವರು ರೇಷನ್, ಇಂಧನ, ಸಾಗಣೆಯ ಲೆಕ್ಕ ಇಟ್ಟವರು, ಅವರಿಗೆ ಗೋದಾಮು ಹೊಸದಲ್ಲ. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಮಿಲಿಟರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದವರು. ಬೆಂಗಳೂರಿನಲ್ಲೇ ಹಲಸೂರಿನ ಹತ್ತಿರ ಸೈನ್ಯದ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆ, ಸೇತುವೆ ಕಟ್ಟುವುದನ್ನೂ ನೆಲಬಾಂಬ್ ತೆಗೆಯುವುದನ್ನೂ ಕಲಿಸುವ ಜಾಗ. ಅಲ್ಲಿ ಪಳಗಿದವರನ್ನು ನಮ್ಮ ಕಟ್ಟಡ ಕಂಪನಿಗಳು ಸೈಟ್ ಸುರಕ್ಷತೆಗೆ ಯಾಕೆ ಹುಡುಕಿಕೊಂಡು ಹೋಗುವುದಿಲ್ಲವೋ.

ನಿವೃತ್ತರಾಗುವವರ ಕಡೆಯಿಂದಲೂ ಒಂದು ಕೆಲಸ ಆಗಬೇಕು. ರೆಸ್ಯೂಮೆಯಲ್ಲಿ "ಶಿಸ್ತು, ಪ್ರಾಮಾಣಿಕತೆ, ದೇಶಸೇವೆ" ಅಂತ ಬರೆದು ನಿಲ್ಲಿಸಬೇಡಿ. ಭಾವನ ಹಳೆಯ ರೆಸ್ಯೂಮೆಯಲ್ಲಿ ಇದ್ದದ್ದು ಇಷ್ಟೇ, ಒಂದು ಟ್ರಕ್ಕಿನ ಹೆಸರೂ ಇರಲಿಲ್ಲ. ಎಷ್ಟು ಗಾಡಿ ನಿಮ್ಮ ಕೈಯಲ್ಲಿತ್ತು, ಎಷ್ಟು ಜನ ನಿಮ್ಮ ಕೆಳಗಿದ್ದರು, ಯಾವ ಎಂಜಿನ್ ಗೊತ್ತು, ಅದನ್ನು ಬರೆಯಿರಿ. ಎಕ್ಸೆಲ್ ಮತ್ತು ಇಂಗ್ಲಿಷ್ ಇಮೇಲ್ ನಿವೃತ್ತಿಗೆ ಒಂದು ವರ್ಷ ಮುಂಚೆಯೇ ಕಲಿಯಲು ಶುರು ಮಾಡಿ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಕೋರ್ಸುಗಳನ್ನೂ ಉದ್ಯೋಗ ಮೇಳಗಳನ್ನೂ ನಡೆಸುತ್ತದೆ, ಅಲ್ಲಿ ಹೆಸರು ನೋಂದಾಯಿಸಿ.

ಕಂಪನಿಯಲ್ಲಿ ಆಳು ತೆಗೆದುಕೊಳ್ಳುವ ಜಾಗದಲ್ಲಿ ಇದ್ದು ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ಒಂದು ಕೋರಿಕೆ. ಮೊದಲು ಆ ಫಾರ್ಮಿನ ಪದವಿ ಕಾಲಂನಲ್ಲಿ "ಸೇನಾ ಸೇವೆ" ಎಂಬ ಒಂದು ಆಯ್ಕೆ ಸೇರಿಸಿ. ಆಮೇಲೆ ವರ್ಕ್‌ಶಾಪ್, ಗೋದಾಮು, ನೆಟ್‌ವರ್ಕ್ ಕೆಲಸ ಖಾಲಿಯಾದಾಗ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪತ್ರ ಕಳಿಸಿ, ಯಾವ ಟ್ರೇಡಿನವರು ಬೇಕು ಅಂತ ಬರೆದು.