ಬೆತ್ ಹಾರ್ಮನ್ ನಿಜವಾಗಿ ಇದ್ದಳಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರಗಳಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಸರ್, ನೆಟ್‌ಫ್ಲಿಕ್ಸ್‌ನಲ್ಲಿ ‘ದ ಕ್ವೀನ್ಸ್ ಗ್ಯಾಂಬಿಟ್’ ಬಂತಲ್ಲ, ಆ ಬೆತ್ ಹಾರ್ಮನ್ ನಿಜವಾಗಿ ಇದ್ದಳಾ?”

ಇರಲಿಲ್ಲ. ವಾಲ್ಟರ್ ಟೆವಿಸ್ ಎಂಬ ಅಮೆರಿಕದ ಲೇಖಕ 1983ರಲ್ಲಿ ಬರೆದ ಕಾದಂಬರಿಯ ಪಾತ್ರ ಅವಳು. ಆದರೆ ಇಷ್ಟಕ್ಕೇ ಮಾತು ಮುಗಿಸಿದರೆ ಒಬ್ಬರಿಗೆ ಅನ್ಯಾಯವಾಗುತ್ತದೆ. ಬೆತ್ ಕತೆಯಲ್ಲಿ ಮಾಡಿದ್ದನ್ನು ಅದೇ ಕಾಲದಲ್ಲಿ ನಿಜವಾಗಿ ಮಾಡುತ್ತಿದ್ದ ಒಬ್ಬರಿದ್ದರು. ಅವರ ಹೆಸರು ಸರಣಿಯಲ್ಲೂ ಬರುತ್ತದೆ. ತಪ್ಪಾಗಿ ಬರುತ್ತದೆ.

ಮೊದಲು ಕತೆ. 2020ರ ಅಕ್ಟೋಬರ್‌ನಲ್ಲಿ ಬಂದ ಏಳು ಕಂತುಗಳ ಸರಣಿ ಇದು. 1950ರ ದಶಕದ ಕೆಂಟಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿ ಅನಾಥಾಶ್ರಮ ಸೇರುತ್ತಾಳೆ. ಅಲ್ಲಿ ಮಕ್ಕಳು ಗಲಾಟೆ ಮಾಡದಿರಲಿ ಅಂತ ದಿನಾ ಮಾತ್ರೆ ಕೊಡುತ್ತಾರೆ. ಬ್ಲ್ಯಾಕ್‌ಬೋರ್ಡಿನ ಡಸ್ಟರ್ ಕೊಡವಲು ನೆಲಮಾಳಿಗೆಗೆ ಹೋದವಳಿಗೆ ಅಲ್ಲಿನ ಕೆಲಸಗಾರ ಶೈಬಲ್ ಒಬ್ಬನೇ ಕೂತು ಚೆಸ್ ಆಡುತ್ತಿರುವುದು ಕಾಣುತ್ತದೆ. ಅಲ್ಲಿಂದ ಶುರುವಾದ ಆಟ 1968ರಲ್ಲಿ ಮಾಸ್ಕೋಗೆ ಹೋಗಿ, ವಿಶ್ವ ಚಾಂಪಿಯನ್ ಬೋರ್ಗೋವ್ ಎದುರಿನ ಬೋರ್ಡಿಗೆ ಬಂದು ನಿಲ್ಲುತ್ತದೆ.

ನನಗೆ ಇಡೀ ಸರಣಿಯಲ್ಲಿ ಜಾಸ್ತಿ ಇಷ್ಟವಾದದ್ದು ಶೈಬಲ್. ಹುಡುಗಿಯರು ಚೆಸ್ ಆಡುವುದಿಲ್ಲ ಎಂದು ಮೊದಲು ದಬಾಯಿಸುತ್ತಾನೆ. ಆಮೇಲೆ ಕಲಿಸುತ್ತಾನೆ. ಒಂದು ಆಟದಲ್ಲಿ ಅವಳು ರಾಣಿಯನ್ನು ಕಳೆದುಕೊಂಡಾಗ, ಈಗ ಆಟ ಬಿಟ್ಟುಕೊಡಬೇಕು ಎನ್ನುತ್ತಾನೆ. ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ರಾಣಿ ಹೋದ ಮೇಲೂ ಹಟ ಹಿಡಿದು ಕೂರುವ ಮಕ್ಕಳನ್ನು ನಾನು ಪ್ರತಿ ವಾರ ನೋಡುತ್ತೇನೆ. ಮುಖ ಥೇಟ್ ಹಾಗೇ ಇರುತ್ತದೆ. ಮುಂದೆ ಮೊದಲ ಟೂರ್ನಮೆಂಟಿನ ಎಂಟ್ರಿ ಫೀಸಿಗೆ ಅವಳು ಅವನಿಗೆ ಕಾಗದ ಬರೆದು ಐದು ಡಾಲರ್ ಕೇಳುತ್ತಾಳೆ, ಗೆದ್ದರೆ ಹತ್ತು ಕೊಡುತ್ತೇನೆ ಎನ್ನುತ್ತಾಳೆ. ಅವನು ಕಳಿಸುತ್ತಾನೆ. ಅವಳು ವಾಪಸ್ ಕೊಡುವುದೇ ಇಲ್ಲ. ಅವನು ತೀರಿಕೊಂಡ ಮೇಲೆ ಆ ನೆಲಮಾಳಿಗೆಗೆ ಇಳಿದರೆ, ಗೋಡೆ ತುಂಬ ಅವಳ ಸುದ್ದಿಯ ಪೇಪರ್ ತುಣುಕುಗಳು. ಚೆಸ್ ಕಲಿಸುವವರಿಗೆ ಆ ದೃಶ್ಯ ನೋಡಿ ಗಂಟಲು ಕಟ್ಟದೆ ಇರುವುದಿಲ್ಲ.

ಮಾತ್ರೆಯ ಭಾಗ ಲೇಖಕನ ಸ್ವಂತ ಅನುಭವದಿಂದ ಬಂದದ್ದು. ಟೆವಿಸ್ ಚಿಕ್ಕವನಿದ್ದಾಗ ಹೃದಯದ ಕಾಯಿಲೆಯಿಂದ ಆರೈಕೆ ಕೇಂದ್ರವೊಂದರಲ್ಲಿದ್ದ, ಅಲ್ಲಿ ಅವನಿಗೆ ಮಂಪರಿನ ಔಷಧ ಕೊಡುತ್ತಿದ್ದರು. ಮಾತ್ರೆ ನುಂಗಿದ ಬೆತ್‌ಗೆ ಚಾವಣಿಯಲ್ಲಿ ಚೆಸ್ ಬೋರ್ಡು ಕಾಣುತ್ತದೆ ಎಂಬುದು ಮಾತ್ರ ಕತೆ. ಒಳ್ಳೆಯ ಆಟಗಾರರು ಬೋರ್ಡೇ ಇಲ್ಲದೆ ತಲೆಯಲ್ಲೇ ಆಟ ಆಡುತ್ತಾರೆ. ಅದು ಅಭ್ಯಾಸದಿಂದ ಬರುತ್ತದೆ, ಮಾತ್ರೆಯಿಂದಲ್ಲ. ಪುಟ್ಟ ಮಕ್ಕಳಿಗೆ ಇದನ್ನು ತೋರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಹೈಸ್ಕೂಲು ದಾಟಿದವರು ಅಪ್ಪ ಅಮ್ಮನ ಜೊತೆ ಕೂತು ನೋಡಲಿ.

ಆಟ ಮಾತ್ರ ಅಪ್ಪಟ. ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಮತ್ತು ತರಬೇತುದಾರ ಬ್ರೂಸ್ ಪ್ಯಾಂಡೋಲ್ಫಿನಿ ಸಲಹೆ ಕೊಟ್ಟಿದ್ದಾರೆ. ಕೊನೆಯ ಆಟಕ್ಕೆ 1993ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಾದ ಇವಾನ್ಚುಕ್ ಮತ್ತು ಪ್ಯಾಟ್ರಿಕ್ ವುಲ್ಫ್ ಆಡಿದ ಆಟವೇ ಆಧಾರ. ಆ ಆಟ ಡ್ರಾ ಆಗಿತ್ತು, ಸರಣಿಗಾಗಿ ನಡುವೆ ದಾರಿ ಬದಲಿಸಿ ಗೆಲ್ಲಿಸಿದ್ದಾರೆ. ಆ ಕಾಲದ ಇನ್ನೊಂದು ಪದ್ಧತಿಯೂ ಅಲ್ಲಿದೆ. ಆಟ ಒಂದೇ ದಿನಕ್ಕೆ ಮುಗಿಯದಿದ್ದರೆ, ನಡೆಸಬೇಕಾದವನು ಮುಂದಿನ ನಡೆಯನ್ನು ಯಾರಿಗೂ ಕಾಣದಂತೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ ತೀರ್ಪುಗಾರರಿಗೆ ಕೊಡುತ್ತಿದ್ದ. ಮರುದಿನ ಲಕೋಟೆ ಒಡೆದು ಆಟ ಮುಂದುವರಿಸುತ್ತಿದ್ದರು. ನಡುವಿನ ರಾತ್ರಿ ಎರಡೂ ಕಡೆಯವರಿಗೆ ನಿದ್ದೆ ಇಲ್ಲ. ಸೋವಿಯತ್ ಆಟಗಾರರು ಗುಂಪಾಗಿ ಕೂತು ಯೋಚಿಸುತ್ತಿದ್ದರು. ಬೆತ್‌ಗೆ ಅವಳ ಗೆಳೆಯರು ಅಮೆರಿಕದಿಂದ ಫೋನ್ ಮಾಡುವುದು ಅಂಥದ್ದೇ ರಾತ್ರಿಯ ನಂತರ. ಕಂಪ್ಯೂಟರ್ ಬಂದ ಮೇಲೆ ಆ ಪದ್ಧತಿಗೆ ಅರ್ಥವೇ ಉಳಿಯಲಿಲ್ಲ, 1990ರ ದಶಕದಲ್ಲಿ ಮರೆಯಾಯಿತು.

ಈಗ ಅದೇ ಏಳನೇ ಕಂತು. ಮಾಸ್ಕೋದ ಸಭಾಂಗಣದಲ್ಲಿ ವೀಕ್ಷಕ ವಿವರಣೆ ಕೊಡುವವನು ಬೆತ್ ಬಗ್ಗೆ ಹೇಳುತ್ತಾ, ಹೆಣ್ಣು ಎಂಬುದೂ ಇಲ್ಲಿ ಹೊಸದೇನಲ್ಲ, ನೋನಾ ಗಪ್ರಿಂದಾಶ್ವಿಲಿ ಇದ್ದಾರೆ, ಆದರೆ ಅವರು ಮಹಿಳಾ ಚಾಂಪಿಯನ್, ಗಂಡಸರ ಎದುರು ಎಂದೂ ಆಡಿಲ್ಲ ಎನ್ನುತ್ತಾನೆ. ಪ್ರೇಕ್ಷಕರ ನಡುವೆ ಕೂತ ಒಬ್ಬ ಹೆಂಗಸಿನ ಮುಖ ಒಂದು ಕ್ಷಣ ತೋರಿಸುತ್ತಾರೆ. ಅಷ್ಟೇ.

ನೋನಾ ಹುಟ್ಟಿದ್ದು 1941ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾದ ಜುಗ್ದಿದಿಯಲ್ಲಿ. 1962ರಿಂದ 1978ರವರೆಗೆ ಅವರೇ ಮಹಿಳಾ ವಿಶ್ವ ಚಾಂಪಿಯನ್. 1960ರ ದಶಕದಲ್ಲೇ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಮೆಂಟಿಗೆ ಹೋಗಿ, ಗಂಡಸರೂ ಆಡುತ್ತಿದ್ದ ಚಾಲೆಂಜರ್ಸ್ ವಿಭಾಗ ಗೆದ್ದು ಬಂದವರು. ಕತೆ ನಡೆಯುವ 1968ರ ಹೊತ್ತಿಗೆ ಅವರು ಕನಿಷ್ಠ 59 ಗಂಡಸರ ಎದುರು ಆಡಿಯಾಗಿತ್ತು. ಅವರಲ್ಲಿ 28 ಮಂದಿಯೊಂದಿಗೆ ಏಕಕಾಲಕ್ಕೆ ಆಡಿದ್ದರು. ಆ 59 ಮಂದಿಯಲ್ಲಿ ಕನಿಷ್ಠ ಹತ್ತು ಜನ ಗ್ರ್ಯಾಂಡ್‌ಮಾಸ್ಟರ್‌ಗಳೂ ಇದ್ದರು. 1977ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಟೂರ್ನಮೆಂಟಿನಲ್ಲಿ ಗಂಡಸರ ಜೊತೆ ಆಡಿ ಮೊದಲ ಸ್ಥಾನ ಹಂಚಿಕೊಂಡರು. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆಯಾದರು. ಇಂಥವರ ಬಗ್ಗೆ ಗಂಡಸರ ಎದುರು ಎಂದೂ ಆಡಿಲ್ಲ ಎಂದು ಹೇಳಿಬಿಟ್ಟರು!

ನನಗೆ ತುಂಬಾ ಬೇಸರ ತರಿಸುವ ಸಂಗತಿ ಇನ್ನೊಂದಿದೆ. ಟೆವಿಸ್‌ನ ಕಾದಂಬರಿಯಲ್ಲಿ ಈ ವಿಷಯ ಸರಿಯಾಗಿಯೇ ಇದೆ. ನೋನಾ ಈ ಟೂರ್ನಮೆಂಟಿನ ಮಟ್ಟದವರಲ್ಲ ಎನ್ನುತ್ತದೆ ಪುಸ್ತಕ, ಆದರೆ ಅಲ್ಲಿನ ರಷ್ಯನ್ ಗ್ರ್ಯಾಂಡ್‌ಮಾಸ್ಟರ್‌ಗಳನ್ನೆಲ್ಲ ಎಷ್ಟೋ ಸಲ ಎದುರಿಸಿದ್ದಾರೆ ಎಂದೂ ಹೇಳುತ್ತದೆ. ಸರಣಿಗೆ ಬರುವಾಗ ಅದು ತಿರುಗುಮುರುಗಾಯಿತು. ಬೆತ್ ಒಬ್ಬಳೇ ಮೊದಲಿಗಳು ಎಂದು ಕಾಣಬೇಕಾದರೆ ನೋನಾ ಚಿಕ್ಕವರಾಗಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ. 2021ರಲ್ಲಿ, 80ನೇ ವಯಸ್ಸಿನಲ್ಲಿ, ನೋನಾ ಅಮೆರಿಕದ ಕೋರ್ಟಿನಲ್ಲಿ ನೆಟ್‌ಫ್ಲಿಕ್ಸ್ ಮೇಲೆ 50 ಲಕ್ಷ ಡಾಲರ್‌ಗೆ ಮೊಕದ್ದಮೆ ಹೂಡಿದರು. ಕಾಲ್ಪನಿಕ ಕತೆ ತಾನೇ, ವಜಾ ಮಾಡಿ ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. 2022ರಲ್ಲಿ ರಾಜಿಯಾಯಿತು. ಅವರು ಕೋರ್ಟಿಗೆ ಹೋದದ್ದು ನೂರಕ್ಕೆ ನೂರು ಸರಿ.

ಸರಣಿಯ ಗಂಡಸರು ಸೋತ ಮೇಲೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ. ನಿಜ ಜೀವನ ಅಷ್ಟು ಮೃದುವಾಗಿರಲಿಲ್ಲ. ನೋನಾ ಚಾಂಪಿಯನ್ ಆದ 1962ರಲ್ಲೇ ಅಮೆರಿಕದ ಹೆಸರಾಂತ ಆಟಗಾರ ಬಾಬಿ ಫಿಶರ್, ಒಂದು ಕುದುರೆ ಬಿಟ್ಟುಕೊಟ್ಟು ಆಡಿದರೂ ಯಾವ ಹೆಂಗಸನ್ನಾದರೂ ಸೋಲಿಸುತ್ತೇನೆ ಎಂದಿದ್ದ. ನಮ್ಮಲ್ಲೂ ಅಷ್ಟೇ. ರೋಹಿಣಿ ಖಾಡಿಲ್ಕರ್ 1976ರಲ್ಲಿ, 13ನೇ ವಯಸ್ಸಿನಲ್ಲಿ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದಾಗ ದೊಡ್ಡ ಗಲಾಟೆಯಾಗಿ ವಿಷಯ ಹೈಕೋರ್ಟಿಗೆ ಹೋಯಿತು. ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ಹೇಳಬೇಕಾಯಿತು. ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ. 2025ರಲ್ಲಿ ನಮ್ಮ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದದ್ದು ನೋನಾ ಅವರ ಜಾರ್ಜಿಯಾದಲ್ಲೇ, ಬಟೂಮಿಯಲ್ಲಿ. ಫೈನಲ್‌ನಲ್ಲಿ ಎದುರಿಗಿದ್ದವರೂ ನಮ್ಮವರೇ, ಕೊನೇರು ಹಂಪಿ.

ಹಾಗಾಗಿ ಸರಣಿಯನ್ನು ಖಂಡಿತ ನೋಡಿ. ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಅಂತ ನಿಮಗೇ ಗೊತ್ತಾಗುತ್ತದೆ. ಮುಗಿದ ಮೇಲೆ ಬೋರ್ಡ್ ಇಟ್ಟುಕೊಂಡು, 1974ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ನೋನಾ ರುಡಾಲ್ಫ್ ಸೆರ್ವಾಟಿ ಎದುರು ಆಡಿದ ಆಟವನ್ನು ಒಂದೊಂದೇ ನಡೆಯಾಗಿ ಆಡಿ ನೋಡಿ. ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಇಪ್ಪತ್ತು ನಡೆಯೊಳಗೆ ಮುಗಿಯುವ ಆಟ. ಮಕ್ಕಳೂ ಪಕ್ಕದಲ್ಲಿರಲಿ, ಕಪ್ಪು ಕಾಯಿಗಳನ್ನು ಅವರೇ ನಡೆಸಲಿ.